ಏನೂ ಕೆಟ್ಟಿಲ್ಲ, ಬರ್ತೀರಾ?

"ಕೀಬೋರ್ಡ್ ಸತ್ತೋಗಿದೆ! ನಿಮ್ಮ ಲಿನಕ್ಸೇ ಅದನ್ನ ಸಾಯಿಸಿದ್ದು!"

ಬಾಗಿಲ ಬಳಿ ಕಾಲೊರೆಸಿಕೊಳ್ಳುತ್ತಿದ್ದವನ ಮೇಲೆ ಗುಬ್ಬಿ ಹೀಗೆ ಹಾರಿಬಿದ್ದಳು. ನಮಸ್ಕಾರವಿಲ್ಲ, ಬನ್ನಿ ಕೂತ್ಕೊಳ್ಳಿ ಎಂಬ ಮಾತಿಲ್ಲ. ಅವನ ಮುಖವನ್ನು ಅವಳು ನೋಡಿದ್ದೇ ಅದು ಮೊದಲು.

ಗುಬ್ಬಿ ಎಂಬುದು ಅಣ್ಣ ಇಟ್ಟ ಅಡ್ಡಹೆಸರು. ಆಳು ಚಿಕ್ಕದು, ಸದ್ದು ಜಾಸ್ತಿ ಅಂತ ಅವನು ಕರೆದ, ಊರೆಲ್ಲ ಹಾಗೇ ಕರೆಯಿತು. ಮನೆಯ ಹಿಂದಿನ ಕೋಣೆಯಲ್ಲಿ ಅಣ್ಣ ಪುಸ್ತಕಗಳಿಗೆ ಹೊಲಿಗೆ ಹಾಕಿ, ಅಂಟು ಬಳಿದು, ರಟ್ಟು ಕಟ್ಟುತ್ತಾನೆ. ಮುಂದಿನ ಕೋಣೆಯಲ್ಲಿ ಗುಬ್ಬಿ ಅದೇ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುತ್ತಾಳೆ. ನಡುವಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಅತ್ತಿಗೆ ಗಿರಾಕಿಗಳನ್ನೂ ಇವರಿಬ್ಬರನ್ನೂ ಸಂಭಾಳಿಸುತ್ತಾಳೆ.

ಕಂಪ್ಯೂಟರಿಗೆ ವಯಸ್ಸಾಗಿತ್ತು. ಹಳೇ ಸಿಸ್ಟಮನ್ನು ಹೊತ್ತುಕೊಂಡು ಅದು ಏದುಸಿರು ಬಿಡುತ್ತಿತ್ತು. ಆನ್ ಮಾಡಿ, ಸ್ನಾನ ಮುಗಿಸಿ ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಕೊನೆಗೆ ಅಣ್ಣ ಅದನ್ನು ಒಬ್ಬ ರಿಪೇರಿಯವನ ಅಂಗಡಿಗೆ ಹೊತ್ತೊಯ್ದು ಲಿನಕ್ಸ್ ಎಂಬ ಹಗುರವಾದ ಬೇರೆ ಸಿಸ್ಟಮ್ ಹಾಕಿಸಿಕೊಂಡು ಬಂದ. ತಂಗಿಯನ್ನು ಒಂದು ಮಾತು ಕೇಳಲಿಲ್ಲ. ಗುಬ್ಬಿಯ ಸಿಟ್ಟಿಗೆ ಅಷ್ಟು ಸಾಕಿತ್ತು.

ಈಗ ಆ ರಿಪೇರಿಯವನೇ ಒಳಗೆ ಬಂದಿದ್ದ. ಉದ್ದನೆಯ ಆಳು. ಅವಳ ಕುರ್ಚಿಯ ಪಕ್ಕ ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಏನು ಮಾಡ್ತಿದ್ರಿ?"

"ಪ್ರಿಂಟರ್ ಜೋಡಿಸಕ್ಕೆ ನೀವೇ ಅಣ್ಣಂಗೆ ಫೋನಲ್ಲಿ ಹೇಳಿದ್ರಲ್ಲ… ಟರ್ಮಿನಲ್ ಅಂತ ಒಂದು ಕಪ್ಪು ಕಿಟಕಿ, ಅದ್ರಲ್ಲಿ ಟೈಪ್ ಮಾಡಿ ಅಂತ. ಮಾಡಿದೆ. ಪಾಸ್‌ವರ್ಡ್ ಕೇಳ್ತು. ಒತ್ತಿದ್ರೆ ಏನೂ ಬರ್ತಿಲ್ಲ! ಒಂದು ಅಕ್ಷರ ಇಲ್ಲ, ಒಂದು ಚುಕ್ಕಿ ಇಲ್ಲ. ಬೇಕಾದ್ರೆ ನೀವೇ ಒತ್ತಿ ನೋಡಿ!"

"ನಾನು ಒತ್ತಲ್ಲ."

"ಯಾಕೆ?"

"ನಾನು ಒತ್ತಿದ್ರೆ ನನಗೆ ಬರುತ್ತೆ, ನಿಮಗೆ ಬರಲ್ಲ. ಏನೂ ಕಾಣದಿದ್ರೂ ಪರವಾಗಿಲ್ಲ, ಪೂರ್ತಿ ಪಾಸ್‌ವರ್ಡ್ ಒತ್ತಿ. ಆಮೇಲೆ ಎಂಟರ್."

ಎಂಥಾ ಮನುಷ್ಯ ಇವನು! ಕೈ ಇಟ್ಟರೆ ಬೆರಳು ಸವೆಯುತ್ತಾ? ಗುಬ್ಬಿ ಸಿಟ್ಟಿನಲ್ಲೇ ಒಂದೊಂದು ಕೀಲಿಯನ್ನೂ ಕುಟ್ಟಿದಳು. ಎಂಟರ್ ಒತ್ತಿದಳು.

ಕಪ್ಪು ಕಿಟಕಿಯಲ್ಲಿ ಸಾಲುಗಳು ಸರಸರ ಮೇಲೇರಿದವು. ಮೂಲೆಯಲ್ಲಿದ್ದ ಪ್ರಿಂಟರು ಗರಗರ ಎಂದು ಎದ್ದು ಕೂತಿತು.

"ಅಲ್ಲಿ ಪಾಸ್‌ವರ್ಡ್ ಕಾಣಿಸಲ್ಲ," ಅಂದ ಅವನು. "ಪಕ್ಕದಲ್ಲಿ ನಿಂತೋರು ಎಷ್ಟು ಅಕ್ಷರ ಅಂತಾನೂ ಎಣಿಸಬಾರದು, ಅದಕ್ಕೆ. ಕಾಣಲ್ಲ ಅಂದ್ರೆ ಒಳಗೆ ಹೋಗ್ತಿಲ್ಲ ಅಂತಲ್ಲ."

ಗುಬ್ಬಿಯ ಮುಖ ಇಂಗು ತಿಂದ ಮಂಗನಂತಾಯಿತು. ತಪ್ಪಾಯ್ತು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಇದನ್ನ ಮೊದಲೇ ಹೇಳಕ್ಕೆ ಏನಾಗಿತ್ತು? ನೋಡಿ, ಇನ್ನೆರಡು ಸಲ ಇದು ಕೈ ಕೊಟ್ರೆ ಸಾಕು, ಅಣ್ಣಂಗೆ ಹೇಳಿ ನಿಮ್ಮ ಲಿನಕ್ಸ್ ಕಿತ್ತು ಹಾಕಿಸ್ತೀನಿ. ಹಳೇ ಸಿಸ್ಟಮೇ ವಾಪಸ್ ಬರುತ್ತೆ!"

"ಸರಿ," ಅಂದು ಅವನು ಹೊರಟೇಹೋದ.

ಅತ್ತಿಗೆ ಬಾಗಿಲಲ್ಲಿ ನಗುತ್ತಿದ್ದಳು. "ಏನೇ ಇದು, ಕಂಬಕ್ಕೆ ಶರ್ಟ್ ಹಾಕಿ ಕಳಿಸಿದಾರಾ?"

ಆವತ್ತಿನಿಂದ ಆ ಮನೆಯಲ್ಲಿ ಅವನ ಹೆಸರು ಕಂಬ.

*

ಎರಡು ಸಲವಲ್ಲ, ಅದು ಹತ್ತಾರು ಸಲ ಕೈ ಕೊಟ್ಟಿತು. ಕಿತ್ತು ಹಾಕಿಸುವ ಮಾತನ್ನು ಮಾತ್ರ ಗುಬ್ಬಿ ಮತ್ತೆ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಅಂತ ಅವಳನ್ನು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ.

ಒಂದು ದಿನ ಅಕ್ಷರಗಳೆಲ್ಲ ಮಾಯವಾಗಿ, ಪುಟದ ತುಂಬ ಬರೀ ಖಾಲಿ ಚೌಕಗಳು ನಿಂತಿದ್ದವು. ಬೇಕಾದ ಫಾಂಟು ಆ ಕಂಪ್ಯೂಟರಿನಲ್ಲಿ ಇರಲೇ ಇಲ್ಲ. ಇನ್ನೊಂದು ದಿನ ಅಪ್‌ಡೇಟ್ ಆದ ಮೇಲೆ ವೈಫೈ ಕಾಣೆಯಾಯಿತು. ಮಗದೊಂದು ದಿನ ಸೌಂಡೇ ಇಲ್ಲ. ಆಗ ಗುಬ್ಬಿ ಜೋಡಿಸುತ್ತಿದ್ದದ್ದು ಚಿಟ್ಟೆಗಳ ಮೇಲೆ ಒಂದು ದೊಡ್ಡ ಪುಸ್ತಕ. ಬರೆಯುವ ಮೇಡಂಗೆ ಕೈ ನೋವು. ಎಲ್ಲವನ್ನೂ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಸೌಂಡ್ ಹೋದರೆ ಕೆಲಸ ನಿಂತಂತೆಯೇ.

ಪ್ರತಿ ಸಲವೂ ಕಂಬ ಬರುತ್ತಿದ್ದ. ಕೈ ಬೆನ್ನ ಹಿಂದೆ. ಪ್ರತಿ ಸಲವೂ ಅದೇ ಎರಡು ಮಾತು.

"ಕೊನೆಯದಾಗಿ ಏನು ಬದಲಾಯಿಸಿದ್ರಿ?"

"ಏನೂ ಇಲ್ಲಪ್ಪ! ಅದೇನೋ ಒಂದು ಪೆಟ್ಟಿಗೆ ಬಂತು, ಓಕೆ ಅಂತ ಒತ್ತಿದೆ."

"ಪೆಟ್ಟಿಗೇಲಿ ಏನು ಬರೆದಿತ್ತು?"

"ಅದ್ಯಾರು ಓದ್ತಾರೆ!"

"ಓದಿ. ಪೂರ್ತಿ ಓದಿ. ಪಾಪ, ಅದು ತನಗೇನಾಗಿದೆ ಅಂತ ಹೇಳಕ್ಕೇ ಬಂದಿರುತ್ತೆ. ನೀವು ಓದದೆ ಓಕೆ ಒತ್ತಿ ಕಳಿಸಿಬಿಡ್ತೀರಿ."

ಓದಿದಳು. ನಿಧಾನಕ್ಕೆ ಅರ್ಥವಾಯಿತು. ಸೌಂಡ್ ಹೋಗಿರಲಿಲ್ಲ, ಸ್ಪೀಕರಿನ ಬದಲು ಮಾನಿಟರಿನ ಕಡೆಗೆ ಹೋಗುತ್ತಿತ್ತು, ಆ ಮಾನಿಟರಿಗೆ ಬಾಯಿಯೇ ಇರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ದಾರಿ ಬದಲಿಸಿದಳು. ವೈಫೈ ಬೇಕೆಂದರೆ ಆನ್ ಮಾಡುವಾಗ ಹಿಂದಿನ ಆವೃತ್ತಿಯನ್ನು ಆರಿಸಿದರಾಯಿತು. ಪರದೆ ಹಟ ಹಿಡಿದು ನಿಂತರೆ ಮೂರು ಕೀಲಿ ಒಟ್ಟಿಗೆ ಒತ್ತಿ ಬರೀ ಅಕ್ಷರಗಳಿರುವ ಇನ್ನೊಂದು ಪರದೆಗೆ ಹೋಗಬಹುದು. ಇದನ್ನೆಲ್ಲ ಅವಳ ಕೈಯಲ್ಲೇ ಮಾಡಿಸಿದ. ಒಂದು ಸಲವೂ ಕೀಬೋರ್ಡು ಮುಟ್ಟಲಿಲ್ಲ.

ಅವನ ಕೈಗಳು ಮುಂದೆ ಬರುತ್ತಿದ್ದದ್ದು ಅತ್ತಿಗೆ ಚಹಾ ಕೊಟ್ಟಾಗ ಮಾತ್ರ. ಒಂದು ಬೆರಳಿನ ಮೇಲೆ ಹಳೆಯ ಸುಟ್ಟ ಗುರುತು. ಗುಬ್ಬಿ ಅದನ್ನು ನೋಡುತ್ತಿದ್ದಳು. ನೋಡುತ್ತಿದ್ದೇನೆ ಎಂದು ಗೊತ್ತಾದಾಗ ಪ್ರಿಂಟರಿನ ಕಾಗದ ಸರಿಮಾಡುತ್ತಿದ್ದಳು.

"ನಿಮ್ಮ ಫೋನು ಯಾವಾಗ್ಲೂ ಹೊಡ್ಕೊಳ್ತಾನೇ ಇರುತ್ತಲ್ಲ. ತುಂಬ ಜನ ಸ್ನೇಹಿತರಾ?" ಅಂದಳು ಒಮ್ಮೆ.

"ಸ್ನೇಹಿತರಾ?" ಅವನು ಲೋಟದೊಳಗೆ ನೋಡಿದ. "ನನಗೆ ಫೋನ್ ಮಾಡೋರು ಹಲೋ ಅನ್ನಲ್ಲ. 'ಕೆಟ್ಟೋಯ್ತು' ಅಂತಾನೇ ಶುರು ಮಾಡ್ತಾರೆ. ಕೆಟ್ಟಾಗ ನೆನಪಾಗೋ ಜಾತಿ ನಾವು."

ನಗುತ್ತಲೇ ಹೇಳಿದ. ಗುಬ್ಬಿಗೆ ಮಾತ್ರ ನಗು ಬರಲಿಲ್ಲ. ನಾನೂ ಹಾಗೇ ಅಲ್ವಾ ಕರೆಯೋದು…

*

ಆಮೇಲೆ ಒಂದು ದೊಡ್ಡ ಆಪತ್ತು ಬಂತು. ಕಂಪ್ಯೂಟರ್ ಸರಿಹೋಯಿತು.

ಒಂದು ವಾರ ಏನೂ ಕೆಡಲಿಲ್ಲ. ಇನ್ನೊಂದು ವಾರವೂ ಕೆಡಲಿಲ್ಲ. ಸಣ್ಣಪುಟ್ಟದ್ದನ್ನು ಗುಬ್ಬಿ ತಾನೇ ರಿಪೇರಿ ಮಾಡಿಕೊಂಡಳು. ಖುಷಿಪಡಬೇಕಾದವಳು ಊಟ ಬಿಟ್ಟಳು.

"ಕಂಪ್ಯೂಟರ್ ಗುಂಡುಕಲ್ಲಿನ ಹಾಗಿದೆ, ನೀನು ಯಾಕೇ ಬಾಡ್ತಿದ್ದೀಯ?" ಅತ್ತಿಗೆ ಕೇಳಿದಳು.

"ನಾನೇನು ಬಾಡ್ತಿಲ್ಲ. ಸೆಕೆ."

"ಹೂಂ… ಉದ್ದನೆ ಸೆಕೆ. ಶರ್ಟ್ ಹಾಕಿರೋ ಸೆಕೆ."

"ಸುಮ್ನಿರಿ ಅತ್ತಿಗೆ!"

ಮರುದಿನ ಗುಬ್ಬಿ ಕಪ್ಪು ಕಿಟಕಿ ತೆರೆದಳು. ಸೌಂಡ್ ನಿಲ್ಲಿಸುವ ಆಜ್ಞೆ ಟೈಪ್ ಮಾಡಿದಳು. ಸರಿಮಾಡಲು ಅವನು ಹೇಳಿಕೊಟ್ಟದ್ದನ್ನೇ ತಿರುಗಿಸಿದರೆ ಕೆಡಿಸಬಹುದು ಎಂಬ ಜ್ಞಾನ ಅವಳಿಗೆ ತಾನಾಗಿಯೇ ಬಂದಿತ್ತು! ಆಮೇಲೆ ಫೋನು ಎತ್ತಿ, ಆದಷ್ಟು ದುಃಖದ ದನಿಯಲ್ಲಿ, "ಕೆಟ್ಟೋಯ್ತು" ಅಂದಳು.

ಕಳ್ಳನಿಗೊಂದು ಪಿಳ್ಳೆ ನೆವ. ಅವನು ಬಂದ. ಪರದೆ ನೋಡಿದ. ಒಮ್ಮೆ ಅವಳನ್ನೂ ನೋಡಿದ. ಆಮೇಲೆ ಏನು ಒತ್ತಬೇಕೆಂದು ಹೇಳಿದ, ಅವಳು ಒತ್ತಿದಳು, ಸೌಂಡ್ ಬಂತು, ಚಹಾ ಬಂತು. ಲೋಕ ಮತ್ತೆ ನೆಟ್ಟಗಾಯಿತು.

ಮುಂದಿನ ವಾರ ಪ್ರಿಂಟರ್ ನಿಂತಿತು. ಅಂದರೆ, ನಿಲ್ಲಿಸಲಾಯಿತು.

ಈ ಸಲ ಅವನು ಕೊನೆಯದಾಗಿ ಏನು ಬದಲಾಯಿಸಿದಿರಿ ಎಂದು ಕೇಳಲಿಲ್ಲ.

"ಟರ್ಮಿನಲ್ ತೆಗೀರಿ," ಅಂದ. "ಮೇಲ್ಮುಖ ಬಾಣದ ಕೀಲಿ ಇದೆಯಲ್ಲ, ಅದನ್ನ ಒಂದು ಸಲ ಒತ್ತಿ."

ಅದು ಏನು ಮಾಡುತ್ತದೆಂದು ಗುಬ್ಬಿಗೆ ಗೊತ್ತಿರಲಿಲ್ಲ. ಒತ್ತಿದಳು.

ಬೆಳಿಗ್ಗೆ ಅವಳು ಟೈಪ್ ಮಾಡಿದ್ದ ಸಾಲು ಇದ್ದಕ್ಕಿದ್ದಂತೆ ಪರದೆಯ ಮೇಲೆ ಬಂದು ಕೂತಿತು. ಪ್ರಿಂಟರಿನ ಕೆಲಸವನ್ನು ನಿಲ್ಲಿಸು ಎಂಬ ಆಜ್ಞೆ, ಒಂದಕ್ಷರವೂ ಬಿಡದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು. ಮೀಸೆಗೆ ಹಾಲು ಅಂಟಿತ್ತು.

ಅಯ್ಯೋ ದೇವರೇ! ಭೂಮಿ ಬಾಯಿ ಬಿಡಬಾರದಾ!

"ಇದು ಕೈ ತಗುಲಿ ಆಗೋದಲ್ಲ," ಅವನ ದನಿ ತಣ್ಣಗಿತ್ತು. "ಇದಕ್ಕೆ ಪಾಸ್‌ವರ್ಡ್ ಬೇಕು. ನೀವೇ ಕೊಟ್ಟಿದೀರಿ."

ಗುಬ್ಬಿ ಮಾತಾಡದೆ ಕೂತಿದ್ದು ಕೇಳಿ ಒಳಗೆ ಅಣ್ಣ ಸೂಜಿ ನಿಲ್ಲಿಸಿದ.

"ಇನ್ನೆರಡು ಸಲ ಕೈ ಕೊಟ್ರೆ ಕಿತ್ತು ಹಾಕಿಸ್ತೀನಿ ಅಂದಿದ್ರಿ. ನೆನಪಿದೆ. ತಾನಾಗಿ ಕೆಡೋದು ನಿಂತ ಮೇಲೆ ಅಣ್ಣಂಗೆ ತೋರಿಸಕ್ಕೆ ಎರಡು ಸಲ ಬೇಕಿತ್ತು, ಅಲ್ವಾ? ಹೋದ ವಾರ ಒಂದು, ಇವತ್ತೊಂದು." ಅವನು ಗೋಡೆ ನೋಡಿಕೊಂಡು ಹೇಳಿದ. "ಹಳೇ ಸಿಸ್ಟಮ್ ಬೇಕು ಅಂತ ನೇರವಾಗಿ ಹೇಳಿದ್ರೆ ನಾನೇ ಹಾಕಿಕೊಡ್ತಿದ್ದೆ. ಇಷ್ಟು ಕಷ್ಟಪಟ್ಟು ಕೆಡಿಸಬೇಕಿರಲಿಲ್ಲ. ಹಾಕಿಕೊಡ್ಲಾ?"

ಅದಲ್ಲ! ಅದಲ್ವೇ ಅಲ್ಲ! ಹಾಗಾದರೆ ಯಾಕೆ ಅಂತ ಅವನು ಕೇಳಿದರೆ? ನೀವು ಬರಲಿ ಅಂತ, ಅನ್ನಬೇಕಾ? ಅತ್ತಿಗೆ ಬಾಗಿಲಲ್ಲಿ ಕೂತಿದ್ದಾರೆ, ಅಣ್ಣ ಒಳಗಿದ್ದಾನೆ… ಪ್ರಾಣ ಹೋದರೂ ಆ ಮಾತು ಬಾಯಿಗೆ ಬರಲಿಲ್ಲ.

"ಹೂಂ… ಹಾಕಿಕೊಡಿ," ಅಂದುಬಿಟ್ಟಳು.

"ಶನಿವಾರ ಬರ್ತೀನಿ. ನಿಮ್ಮ ಫೈಲೆಲ್ಲ ಒಂದು ಕಾಪಿ ಮಾಡಿಟ್ಟಿರಿ." ಅವನು ಬಾಗಿಲವರೆಗೆ ಹೋಗಿ ನಿಂತ. "ಆ ಸಿಸ್ಟಮ್ ರಿಪೇರಿ ನಾನು ಮಾಡಲ್ಲ. ಆಮೇಲೆ ಏನಾದ್ರೂ ಆದ್ರೆ ಬೇರೆಯವರನ್ನ ಕರೀಬೇಕಾಗುತ್ತೆ."

ಚಹಾ ಲೋಟ ಮೇಜಿನ ಮೇಲೆ ಹಾಗೇ ಉಳಿಯಿತು. ಅವನು ಮುಟ್ಟಿರಲಿಲ್ಲ.

*

ಶನಿವಾರ ಅವನು ಬರುತ್ತಾನೆ. ಅದೇ ಕೊನೆ. ಗುಬ್ಬಿ ಅದೊಂದನ್ನೇ ಮನಸ್ಸಿನಲ್ಲಿ ತಿರುವಿ ಹಾಕುತ್ತ, ಅವನು ಹೇಳಿದಂತೆ ಫೈಲುಗಳನ್ನೆಲ್ಲ ಕಾಪಿ ಮಾಡಿದಳು. ಚಿಟ್ಟೆ ಪುಸ್ತಕದ ಭಾರೀ ಭಾರೀ ಫೋಟೋಗಳು, ಮೇಡಂ ಅವರ ರೆಕಾರ್ಡಿಂಗ್‌ಗಳು, ಎಲ್ಲವನ್ನೂ. ಎಲ್ಲಿಗೆ ಕಾಪಿ ಮಾಡಬೇಕೆಂದು ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಫೋಲ್ಡರ್ ಮಾಡಿ ಅದರೊಳಗೆ ಸುರಿದಳು. ಮನೆಯ ಸಾಮಾನನ್ನು ಕಾಪಾಡಲು ಅದೇ ಮನೆಯಲ್ಲಿ ಇನ್ನೊಂದು ರಾಶಿ ಹಾಕಿದಂತೆ! ನಡುವೆ ಒಂದು ಪೆಟ್ಟಿಗೆ ಬಂತು. ಕಣ್ಣು ಮಂಜಾಗಿತ್ತು. ಓಕೆ ಒತ್ತಿದಳು.

ಶುಕ್ರವಾರ ಮಧ್ಯಾಹ್ನ ಆನ್ ಮಾಡಿದರೆ ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ಕೊಟ್ಟಳು. ಪರದೆ ಒಮ್ಮೆ ಕಪ್ಪಾಗಿ, ಮಿಣುಕಿ, ಮತ್ತೆ ಪಾಸ್‌ವರ್ಡ್ ಕೇಳಿತು. ಕೊಟ್ಟಳು. ಮತ್ತೆ ಕೇಳಿತು. ತಪ್ಪು ಅಂತಲೂ ಅನ್ನಲಿಲ್ಲ, ಒಳಗೂ ಬಿಡಲಿಲ್ಲ.

"ಈ ಸಲ ನಿಜವಾಗ್ಲೂ ಕೆಟ್ಟಿದೆ ಅತ್ತಿಗೆ," ಅಂದಳು ಗುಬ್ಬಿ. "ನಾನೇನೂ ಮಾಡಿಲ್ಲ. ಪುಸ್ತಕ ಪೂರ್ತಿ ಇದರೊಳಗೇ ಇದೆ!"

"ಫೋನ್ ಮಾಡು ಮತ್ತೆ."

"ನಂಬ್ತಾರಾ?"

ಗುಬ್ಬಿ ಫೋನನ್ನು ಕೈಗೆತ್ತಿಕೊಂಡು ಮತ್ತೆ ಮೇಜಿನ ಮೇಲೆ ಮಗುಚಿಟ್ಟಳು.

ಕೊನೆಯದಾಗಿ ಏನು ಬದಲಾಯಿಸಿದ್ರಿ?

ಏನೂ ಇಲ್ಲಪ್ಪ… ಅಲ್ಲ, ಇರು. ಕಾಪಿ. ಅಷ್ಟೊಂದು ಫೋಟೋ… ಒಂದು ಪೆಟ್ಟಿಗೆ ಬಂದಿತ್ತಲ್ಲ, ಅದರಲ್ಲಿ ಏನಿತ್ತು?

ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಬರೀ ಅಕ್ಷರಗಳ ಆ ಇನ್ನೊಂದು ಪರದೆ ಬಂತು. ಪಾಸ್‌ವರ್ಡ್ ಕೇಳಿತು. ಒತ್ತಿದಳು, ಒಂದಕ್ಷರವೂ ಕಾಣಲಿಲ್ಲ, ಒಂದು ಚುಕ್ಕಿಯೂ ಕಾಣಲಿಲ್ಲ. ಈ ಸಲ ಅವಳು ಹೆದರಲಿಲ್ಲ. ಎಂಟರ್ ಒತ್ತಿದಳು, ಒಳಗೆ ಬಿಟ್ಟಿತು. ಜಾಗ ಎಷ್ಟಿದೆ ಎಂದು ಕೇಳುವ ಆಜ್ಞೆ ಕೊಟ್ಟು, ಬಂದ ಸಾಲುಗಳನ್ನು ಬೆರಳಿಟ್ಟು ಓದಿದಳು. ಪೂರ್ತಿ ಓದಿದಳು. ಡಿಸ್ಕು ಕಂಠಮಟ್ಟ ತುಂಬಿತ್ತು. ಒಳಗೆ ಬಿಟ್ಟುಕೊಳ್ಳಲು ಅದಕ್ಕೂ ಒಂದಿಷ್ಟು ಜಾಗ ಬೇಕು, ಪಾಪ!

ಮೂಲ ಫೈಲುಗಳೆಲ್ಲ ಸರಿಯಾಗಿವೆಯೇ ಎಂದು ನೋಡಿದಳು. ಇದ್ದವು. ತಾನು ಮಾಡಿದ್ದ ರಾಶಿಯನ್ನು ಅಳಿಸಿದಳು. ಮರಳಿ ಹೋಗಿ ಪಾಸ್‌ವರ್ಡ್ ಕೊಟ್ಟಳು.

ಕಂಪ್ಯೂಟರ್ ತೆರೆದುಕೊಂಡಿತು. ಚಿಟ್ಟೆಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು.

"ಬಂತು! ಅಣ್ಣಾ, ಬಂತು! ನಾನೇ ಸರಿಮಾಡಿದೆ!"

ಅಣ್ಣ ಅಂಟಿನ ಕೈಯಲ್ಲೇ ಓಡಿಬಂದ, ಭೇಷ್ ಅಂದ, ವಾಪಸ್ ಹೋದ. ಗುಬ್ಬಿಗೆ ಅಷ್ಟು ಸಾಕಾಗಲಿಲ್ಲ. ಇದನ್ನು ಹೇಳಬೇಕಾದವನು ಒಬ್ಬನೇ ಇದ್ದ. ಅವನು ನಾಳೆ ಬಂದು ಇದೇ ಕಂಪ್ಯೂಟರನ್ನು ಒರೆಸಿ ಹಾಕುವವನಿದ್ದ.

ಅವನು ಆವತ್ತು ಗೋಡೆ ನೋಡಿಕೊಂಡು ಮಾತಾಡಿದ್ದು ನೆನಪಾಯಿತು. ಚಹಾ ಮುಟ್ಟದೆ ಹೋದದ್ದು ನೆನಪಾಯಿತು. ಬೇಡವಾದವನಿಗೆ ಅಷ್ಟು ಬೇಜಾರು ಯಾಕಾಗಬೇಕಿತ್ತು? ಅವನು ಏನೋ ಹೇಳುತ್ತಿದ್ದ. ನಾನು ಓದಲೇ ಇಲ್ಲ, ಹಾಕಿಕೊಡಿ ಅಂತ ಓಕೆ ಒತ್ತಿ ಕಳಿಸಿಬಿಟ್ಟೆ…

ಗುಬ್ಬಿ ಫೋನು ಎತ್ತಿದಳು.

"ಹೇಳಿ," ಅಂದಿತು ಆ ಕಡೆಯ ದನಿ. "ಏನು ಕೆಟ್ಟಿದೆ?"

"ಹಲೋ," ಅಂದಳು ಗುಬ್ಬಿ.

ಆ ಕಡೆ ಸದ್ದಿಲ್ಲ.

"ಹಲೋ ಅಂದೆ. ಕೇಳಿಸ್ತಿದೆಯಾ? ಏನೂ ಕೆಟ್ಟಿಲ್ಲ. ಸೌಂಡ್ ಇದೆ, ಪ್ರಿಂಟರ್ ಇದೆ, ವೈಫೈ ಇದೆ. ಮಧ್ಯಾಹ್ನ ಕೆಟ್ಟಿತ್ತು, ನಾನೇ ಸರಿಮಾಡ್ದೆ. ಈಗ ಎಲ್ಲಾ ಸರಿಯಾಗಿದೆ." ಅತ್ತಿಗೆ ಎದುರಿಗೇ ಕೂತಿದ್ದಾರೆ. ಕೂತಿರಲಿ! "ಏನೂ ಕೆಟ್ಟಿಲ್ಲ… ಬರ್ತೀರಾ?"

ಫೋನ್ ಕಟ್ಟಾಯಿತೇನೋ ಎಂದು ಅವಳು ನೋಡಿಕೊಂಡಳು.

"ಬರ್ತೀನಿ," ಅಂದ ಅವನು.

ಅತ್ತಿಗೆ ಎದ್ದಳು. "ನನಗೆ ಒಳಗೆ ತುಂಬ ಕೆಲಸ ಇದೆಯಪ್ಪ," ಅಂದು, ಈ ಮನೆಗೆ ಬಂದಾಗಿನಿಂದ ಮೊದಲ ಬಾರಿಗೆ ಆ ನಡುಬಾಗಿಲನ್ನು ಮುಚ್ಚಿಕೊಂಡು ಹೋದಳು.

*

ಸಂಜೆಯ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿತ್ತು. ಅವನು ಬಂದು ಅದೇ ಜಾಗದಲ್ಲಿ ನಿಂತ, ಹಾಗೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿ.

"ಲಾಗಿನ್ ಆಗದೆ ತಿರುಗಿ ತಿರುಗಿ ಬರ್ತಿತ್ತಾ?" ಅಂದ. "ಕಾಪಿ ಅದೇ ಡಿಸ್ಕಲ್ಲಿ ಮಾಡಿದ್ರಾ?"

"ಹೂಂ. ಅಳಿಸಿದೆ."

"ಒಬ್ಬರೇ?"

"ಒಬ್ಬಳೇ. ಓದಿ ಮಾಡಿದೆ. ಪೂರ್ತಿ ಓದಿ."

ಅವನ ಮುಖದಲ್ಲಿ ಹೆಮ್ಮೆ ಮೂಡಿ ತಕ್ಷಣ ಇಳಿಯಿತು. "ಹಾಗಾದ್ರೆ ನಾಳೆ ಬೇಡ್ವಾ? ಹಳೇ ಸಿಸ್ಟಮ್?"

"ನನಗೆ ಅದು ಯಾವತ್ತೂ ಬೇಕಿರಲಿಲ್ಲ." ಗುಬ್ಬಿ ಕೀಬೋರ್ಡನ್ನೇ ನೋಡುತ್ತ ಹೇಳಿದಳು. "ಕೆಡಿಸಿದ್ದು ನಾನೇ. ಎರಡು ಸಲವೂ. ಅಣ್ಣಂಗೆ ತೋರಿಸಕ್ಕಲ್ಲ. ಎಲ್ಲಾ ಸರಿಯಿದ್ರೆ ನಿಮ್ಮನ್ನ ಏನಂತ ಕರೀಲಿ ಅಂತ ಗೊತ್ತಾಗಲಿಲ್ಲ. ಅಷ್ಟೇ!"

ಹೇಳಿಬಿಟ್ಟಳು. ಇನ್ನು ಭೂಮಿ ಬಾಯಿ ಬಿಟ್ಟರೂ ಅಡ್ಡಿಯಿರಲಿಲ್ಲ.

"ಸೌಂಡ್ ತಾನಾಗಿ ಹಾಗೆ ಹೋಗಲ್ಲ ಅಂತ ಆವತ್ತೇ ಗೊತ್ತಾಗಿತ್ತು," ಅಂದ ಅವನು ಮೆಲ್ಲಗೆ.

"ಗೊತ್ತಿತ್ತಾ! ಮತ್ತೆ ಏನೂ ಹೇಳಲಿಲ್ಲ?"

"ನೀವು ಕರೆದಿದ್ರಿ. ಅದೇ ಸಾಕಾಗಿತ್ತು. ಎರಡನೇ ಸಲ ನೀವು ಹೇಳಿದ ಮಾತು ನೆನಪಾಯ್ತು, ಎರಡು ಸಲ ಅಂತ… ಹೆದರಿಕೆ ಆಯ್ತು. ನನಗೆ ಯಾರೂ ಸುಮ್ಮನೆ ಫೋನ್ ಮಾಡಲ್ಲ ಅಲ್ವಾ. ಇವರು ಮಾತ್ರ ಯಾಕೆ ಮಾಡ್ತಾರೆ ಅನ್ನಿಸ್ತು."

"ನಾಳೆಗೆ ಹಳೇ ಸಿಸ್ಟಮ್ ಹಾಕೋ ಪೆನ್‌ಡ್ರೈವ್ ರೆಡಿ ಮಾಡಿಟ್ಟಿದ್ರೇನೋ."

"ಮಾಡಕ್ಕೆ ದಿನಾ ಕೂತೆ. ಆಗಲಿಲ್ಲ. ಅಂಗಡೀಲಿ ಖಾಲಿ ಬಿದ್ದಿದೆ."

ಗುಬ್ಬಿ ತಲೆಯೆತ್ತಿ ಅವನನ್ನು ನೋಡಿದಳು. ಕಂಬದ ಮುಖ ಕಂಬದ ಹಾಗೇ ಇತ್ತು.

"ನಿಮ್ಮ ಮುಖ ನೋಡಿದ್ರೆ ಏನೂ ಕಾಣಲ್ಲ," ಅಂದಳು. "ಒಂದು ಚುಕ್ಕೀನೂ ಇಲ್ಲ. ನಾನು ಇಷ್ಟು ದಿನ ಒತ್ತಿದ್ದೆಲ್ಲ ಒಳಗೆ ಹೋಗಿದೆಯೋ ಇಲ್ವೋ?"

"ಕೀಬೋರ್ಡ್ ಸತ್ತೋಗಿದೆ ಅಂತ ಕೂಗಿದ್ರಲ್ಲ, ಅವತ್ತಿಂದ ಹೋಗ್ತಾನೇ ಇದೆ."

"ಮತ್ತೆ ಇಷ್ಟು ದಿನ ಸುಮ್ನೆ ನಿಂತಿದ್ರಲ್ಲ, ಮಹಾನುಭಾವರು!"

"ಎಂಟರ್ ನೀವು ಒತ್ತಿರಲಿಲ್ಲ."

ಗುಬ್ಬಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಎಲ್ಲಾ ನಾನೇ ಒತ್ತಬೇಕಾ? ನೀವು ಏನೂ ಮುಟ್ಟಲ್ವಾ?"

ಬೆನ್ನ ಹಿಂದಿನ ಕೈಗಳು ಬಿಚ್ಚಿಕೊಂಡವು. ಸುಟ್ಟ ಗುರುತಿನ ಆ ಬೆರಳು, ಮೇಜಿನ ಮೇಲಿದ್ದ ಅವಳ ಕೈಯ ಹತ್ತಿರ ಬಂದು, ಒಂದು ಕ್ಷಣ ಅನುಮಾನಿಸಿ, ಅವಳ ಬೆರಳುಗಳ ಮೇಲೆ ನಿಂತಿತು.

"ನಾಳೆ ಶನಿವಾರ," ಅಂದ. "ಏನೂ ಕೆಟ್ಟಿಲ್ಲ. ಆದ್ರೂ ಬರ್ಲಾ?"

"ಚಹಾ ಕುಡಿದು ಹೋಗೋದಾದ್ರೆ ಬನ್ನಿ," ಅಂದಳು ಗುಬ್ಬಿ.